ಹಂಪಮ್ಮನ ಹೆಸರಿನಲ್ಲಿ ಒಂದೇ ಸೀಟು

ದೇಶನೂರಿನ ಹಂಪಮ್ಮ ಗೊತ್ತಿಲ್ಲ ಎನ್ನುವ ಭತ್ತದ ರೈತ ಸಿರುಗುಪ್ಪದ ಆಸುಪಾಸಿನಲ್ಲಿ ಸಿಗುವುದು ಕಷ್ಟ. ಸಿಕ್ಕರೆ ಒಂದೋ ಅವನು ಹೊಸದಾಗಿ ಗದ್ದೆ ಹಿಡಿದವನು, ಇಲ್ಲವೇ ಅವಳ ಕೈಲಿ ಒಮ್ಮೆ ಬೈಸಿಕೊಂಡು ಈಗ ಗೊತ್ತಿಲ್ಲದವನ ಹಾಗೆ ಮುಖ ತಿರುವುವವನು. ಹಂಪಮ್ಮ ನಾಟಿ ಗುಂಪಿನ ಮೇಸ್ತ್ರಿ. ಅವಳನ್ನೂ ಸೇರಿಸಿ ಹನ್ನೆರಡು ಹೆಂಗಸರು. ಇಪ್ಪತ್ತಾರು ವರ್ಷದಿಂದ ಆ ಸೀಮೆಯ ಕೆಸರಿನಲ್ಲಿ ಬಗ್ಗಿ ನಿಂತು ಸಸಿ ಹಚ್ಚಿದ ಕೈಗಳು ಅವು. ನೀವು ನಾವು ಉಂಡ ಸೋನಾ ಮಸೂರಿಯಲ್ಲಿ ಅವರು ಹಚ್ಚಿದ್ದು ಎಷ್ಟಿದೆಯೋ ಯಾರಿಗೆ ಗೊತ್ತು.

ಕಾಲುವೆಗೆ ನೀರು ಬಿಟ್ಟರು ಅಂದರೆ ಮುಗಿಯಿತು. ಎಲ್ಲರ ಸಸಿಮಡಿಯೂ ಒಂದೇ ವಾರದಲ್ಲಿ ಕೀಳಲು ಬರುತ್ತದೆ, ಎಲ್ಲರಿಗೂ ನಾಳೆಯೇ ನಾಟಿ ಆಗಬೇಕು. ಬೆಳಕು ಹರಿಯುವಷ್ಟರಲ್ಲಿ ಹಂಪಮ್ಮನ ಮನೆ ಮುಂದೆ ಬೈಕುಗಳು ನಿಂತಿರುತ್ತವೆ. "ಹಂಪವ್ವಾ, ನಮ್ದು ಯಾವತ್ತು?" ಅವಳು ಒಲೆ ಊದುತ್ತಲೇ ಒಂದು ಗಳಿಗೆ ಸೂರು ನೋಡುತ್ತಾಳೆ. "ಗುರುವಾರ ಬಿಟ್ಟು ಶುಕ್ರವಾರ. ಮುಂಜಾನಿ ಏಳಕ್ಕ. ಸಸಿ ಕಿತ್ತು ಕಟ್ಟು ಕಟ್ಟಿ ಇಟ್ಟಿರ್ರಿ, ಬಂದ ಮ್ಯಾಲ ಕಾಯೋದು ನಮಗ ಆಗಂಗಿಲ್ಲ." ಪುಸ್ತಕವಿಲ್ಲ, ಚೀಟಿಯಿಲ್ಲ. ಇಪ್ಪತ್ತು ಮೂವತ್ತು ರೈತರ ಪಾಳಿ ಅವಳ ತಲೆಯೊಳಗೇ. ಶುಕ್ರವಾರ ಏಳಕ್ಕೆ ಅಂದರೆ ಆರೂಮುಕ್ಕಾಲಿಗೆ ಅವರು ಬದುವಿನ ಮೇಲೆ ಸೀರೆ ಎತ್ತಿ ಕಟ್ಟುತ್ತಿರುತ್ತಾರೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. "ಹಂಪಮ್ಮ ಬರ್ತಾಳ" ಅಂದರೆ ಹನ್ನೆರಡು ಜನ ಬರುತ್ತಾರೆ ಎಂದೇ ಆ ಸೀಮೆಯಲ್ಲಿ ಅರ್ಥ. ಎಷ್ಟು ಮಂದಿ ಎಂದು ಈವರೆಗೆ ಒಬ್ಬ ರೈತನೂ ಕೇಳಿಲ್ಲ. ಕೇಳಿದರೆ ಅದು ಅವಮಾನ. ಹಾಗೆಯೇ ಗುಂಪಿಗೂ ಒಂದು ಕಟ್ಟುಪಾಡು ಇದೆ. ಕೆಸರಿಗೆ ಇಳಿಯುವಾಗ ಹನ್ನೆರಡೂ ಒಟ್ಟಿಗೆ ಇಳಿಯಬೇಕು, ಬದು ಹತ್ತುವಾಗ ಒಟ್ಟಿಗೆ ಹತ್ತಬೇಕು. ನನ್ನ ಸಾಲು ಮುಗಿಯಿತು ಎಂದು ಯಾರೂ ಮೇಲೆ ಹೋಗಿ ಎಲೆ ಅಡಿಕೆ ಮೆಲ್ಲುತ್ತಾ ಕೂರುವ ಹಾಗಿಲ್ಲ. ಹಿಂದೆ ಬಿದ್ದವಳ ಸಾಲಿಗೆ ಹೋಗಿ ಕೈ ಹಚ್ಚಬೇಕು.

ಇಂಥ ಹಂಪಮ್ಮ ಹೋದ ವರ್ಷ ನಾಟಿಯ ಹೊತ್ತಿನಲ್ಲೇ ಮಲಗಿಬಿಟ್ಟಳು. ಗರ್ಭಕೋಶದ ತೊಂದರೆ ತಿಂಗಳುಗಟ್ಟಲೆ ಇತ್ತು. ಹೇಳಿದರೆ ದವಾಖಾನೆಗೆ ಎಳೆದುಕೊಂಡು ಹೋಗುತ್ತಾರೆ, ನಾಟಿ ನಿಲ್ಲುತ್ತದೆ ಎಂದು ಬಾಯಿ ಮುಚ್ಚಿಕೊಂಡಿದ್ದಳು. ಕುರುಗೋಡು ಕಡೆಯ ಒಂದು ಗದ್ದೆಯಲ್ಲಿ ಸಸಿ ಹಚ್ಚುತ್ತಾ ಹಚ್ಚುತ್ತಾ ಮಕಾಡೆ ಕೆಸರಿಗೆ ಬಿದ್ದಳು. ಹನ್ನೊಂದು ಹೆಂಗಸರು ಅವಳನ್ನು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಮಲಗಿಸಿಕೊಂಡು ರಸ್ತೆಗೆ ತಂದು, ಅಲ್ಲಿಂದ ಬಳ್ಳಾರಿಗೆ ಸಾಗಿಸಿದರು. ಆಪರೇಷನ್ ಆಯಿತು. ಹೊಲಿಗೆ ಕೀವಾಯಿತು. ಇಪ್ಪತ್ತೆರಡು ದಿನ ಮಂಚ ಬಿಟ್ಟು ಏಳಲಿಲ್ಲ.

ಮಲಗಿದವಳ ಕಣ್ಣ ಮುಂದೆ ನೋವಿಗಿಂತ ಹೆಚ್ಚಾಗಿ ಬಂದು ನಿಂತದ್ದು ಮಾತು ಕೊಟ್ಟ ರೈತರು. ಗುಂಪಿನ ಹಿರಿಯಳು ಜೋಗಮ್ಮ, ಅರವತ್ತು ದಾಟಿದ ಹೆಂಗಸು, ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. "ಜೋಗಕ್ಕಾ, ನೀವಿಲ್ಲಿ ಕುಂತ್ರ ರೈತರಿಗೆ ಏನ್ ಹೇಳ್ಲಿ ನಾನು?" ಎಂದು ಹಂಪಮ್ಮ ಕೇಳಿದಳು. "ರೈತರಿಗೆ ಹೇಳೋದೇನೂ ಇಲ್ಲ. ನೀ ಗಂಜಿ ಕುಡಿ," ಎಂದಳು ಜೋಗಮ್ಮ. ಆಮೇಲೆ ತಿಳಿದದ್ದು, ದಿನಕ್ಕೆ ಇಬ್ಬರಂತೆ ದವಾಖಾನೆಗೆ ಪಾಳಿ ಹಾಕಿಕೊಂಡು, ಉಳಿದವರು ಕತ್ತಲಲ್ಲೇ ಗದ್ದೆಗಿಳಿದು, ಹಂಪಮ್ಮ ಒಪ್ಪಿಕೊಂಡಿದ್ದ ಒಂದು ನಾಟಿಯನ್ನೂ ತಪ್ಪಿಸಿರಲಿಲ್ಲ. ಮನೆಗೆ ಬಂದ ದಿನ ಹಿತ್ತಲಾಚೆ ನೋಡಿದರೆ ಅವಳದೇ ಅರ್ಧ ಎಕರೆ, ಈ ವರ್ಷ ಬೀಳು ಎಂದು ಕೈಬಿಟ್ಟಿದ್ದ ಅರ್ಧ ಎಕರೆ, ಹಸಿರಾಗಿ ನಿಂತಿತ್ತು. "ಯಾರು ಹಚ್ಚಿದ್ರು?" ಅಂದರೆ, "ಯಾರೋ ಹಚ್ಯಾರ, ಬಿಡು," ಎಂದು ಎಲ್ಲರೂ ಸೆರಗು ಕೊಡವಿಕೊಂಡು ಎದ್ದು ಹೋದರು.

ಅಂದಿನಿಂದ ಹಂಪಮ್ಮನ ಎದೆಯಲ್ಲಿ ಒಂದು ಮಾತು ಕೂತುಬಿಟ್ಟಿತು. ಹೊರಗೆ ಬಾರದು, ಒಳಗೆ ಇಳಿಯದು. ನಮ್ಮ ಕಡೆ ಧನ್ಯವಾದ ಎನ್ನುವುದು ವೇದಿಕೆ ಮೇಲೆ ಮೈಕು ಹಿಡಿದವರ ಮಾತು. ಒಂದೇ ಬುತ್ತಿ ಬಿಚ್ಚಿ ತಿನ್ನುವವರ ನಡುವೆ ಅದನ್ನು ಆಡಿದರೆ ನಗುತ್ತಾರೆ. ಅದಕ್ಕೇ ಅವಳು ಮಾತಿನ ಬದಲು ಏನಾದರೂ ಮಾಡಬೇಕು ಅಂದುಕೊಂಡಳು. ಸುಗ್ಗಿ ಮುಗಿದು ಎರಡನೇ ಬೆಳೆಗೆ ಇನ್ನೂ ಇಪ್ಪತ್ತು ದಿನ ಇತ್ತು. ಬೇವಿನ ಮರದ ಕೆಳಗೆ ಮಜ್ಜಿಗೆ ಕುಡಿಯುತ್ತಾ ಕೂತಾಗ ಕೇಳಿಯೇ ಬಿಟ್ಟಳು. "ನಿಮಗೆಲ್ಲಾ ನಾ ಏನಾದ್ರೂ ಮಾಡಬೇಕು. ಏನ್ ಬೇಕು, ಹೇಳ್ರಿ."

ಒಬ್ಬಳು ಸೀರೆ ಅಂದಳು, ಇನ್ನೊಬ್ಬಳು ಅವಳ ಬಾಯಿ ಮುಚ್ಚಿಸಿದಳು. ಗುಂಪಿನ ಕಿರಿಯಳು ಜಯಶ್ರೀ, ಪಿಯುಸಿ ಓದಿ ಈ ಊರಿಗೆ ಸೊಸೆಯಾಗಿ ಬಂದವಳು, ಮೆಲ್ಲಗೆ, "ಆ ಚಕ್ರ ಹತ್ತೋಣೇನು?" ಎಂದಳು. ಎಲ್ಲರ ಮುಖವೂ ಒಮ್ಮೆಲೇ ಅವಳ ಕಡೆ ತಿರುಗಿತು. ಬಳ್ಳಾರಿಗೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಕಾಣುವ, ತೊಟ್ಟಿಲು ಹೊತ್ತು ತಿರುಗುವ ದೊಡ್ಡ ಚಕ್ರ ಅದು. ಎರಡು ವರ್ಷದ ಹಿಂದೆ ಯಾರೋ ಬಂದು ದೊಡ್ಡ ಪಾರ್ಕು ಕಟ್ಟಿದ್ದರು, ಅದಕ್ಕೊಂದು ಇಂಗ್ಲಿಷ್ ಹೆಸರೂ ಇದೆ, ನಮ್ಮ ಮಂದಿ ಚಕ್ರದ ಪಾರ್ಕು ಎಂದೇ ಕರೆಯುತ್ತಾರೆ. ದವಾಖಾನೆಗೆ ಓಡಾಡಿದ ದಿನಗಳಲ್ಲಿ ಹನ್ನೊಂದು ಮಂದಿಯೂ ಅದನ್ನು ನೋಡಿಕೊಂಡೇ ಹೋಗಿ ಬಂದಿದ್ದರು.

ಜೋಗಮ್ಮ ಲೋಟ ಕೆಳಗಿಟ್ಟಳು. "ನನ್ನ ಜೀವಮಾನ ಎಲ್ಲಾ ಬಗ್ಗಿ ನೆಲ ನೋಡೋದ್ರಾಗೇ ಹೋತು. ಒಂದ್ಸಲ ಮ್ಯಾಲಿಂದ ನೋಡಬೇಕು," ಎಂದಳು. ಅವಳು ಬೇಕು ಎಂದು ಬಾಯಿ ಬಿಟ್ಟು ಕೇಳಿದ್ದು ಅದೇ ಮೊದಲು. "ಹತ್ತಸ್ತೀನಿ. ಹನ್ನೊಂದು ಮಂದಿನೂ ಹತ್ತಸ್ತೀನಿ," ಎಂದು ಹಂಪಮ್ಮ ಮಾತು ಕೊಟ್ಟಳು.

ಕೊಟ್ಟ ಮೇಲೆ ಶುರುವಾಯಿತು ನೋಡಿ ಗೋಳು. ಆ ಪಾರ್ಕಿನವರ ವ್ಯವಸ್ಥೆ ಏನಪ್ಪಾ ಅಂದರೆ, ಒಳಗೆ ಹೋಗುವ ಟಿಕೆಟ್ಟು ಬಾಗಿಲಲ್ಲೇ ಸಿಗುತ್ತದೆ. ಚಕ್ರ ಹತ್ತಬೇಕಾದರೆ ಮಾತ್ರ ಮೂರು ದಿನ ಮೊದಲೇ ಫೋನಿನಲ್ಲಿ ಹೊತ್ತು ಹಿಡಿಯಬೇಕು. ಅದಕ್ಕೆ ಸ್ಲಾಟ್ ಅಂತಾರೆ. ಬೆಳಿಗ್ಗೆ ಒಂಬತ್ತಕ್ಕೆ ಸ್ಲಾಟು ಬಿಡುತ್ತಾರೆ, ಒಂಬತ್ತು ಗಂಟೆ ನಾಲ್ಕು ನಿಮಿಷಕ್ಕೆ ಖಾಲಿ. ದುಡ್ಡು ಕೊಟ್ಟು ಖುಷಿ ಪಡಲು ಹೋಗುವವರಿಗೆ ಪರೀಕ್ಷೆ ಯಾಕೆ ಇಡಬೇಕೋ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

ಜಯಶ್ರೀ ತಾನೇ ಮಾಡಿಕೊಡುತ್ತೇನೆ ಅಂದಳು. ಹಂಪಮ್ಮ ಒಪ್ಪಲಿಲ್ಲ. "ಇದು ನಾ ಕೊಡೋದು. ನಾನೇ ಒತ್ತಬೇಕು. ಹೆಂಗಂತ ಹೇಳಿಕೊಡು ಸಾಕು." ಜಯಶ್ರೀ ಫೋನಿಗೆ ಆ್ಯಪು ಹಾಕಿ, ಹೆಸರು ಬರೆದು, ಇಲ್ಲಿ ಒತ್ತು, ಓಟಿಪಿ ಬರುತ್ತದೆ, ಅದನ್ನು ಇಲ್ಲಿ ಹಾಕು ಎಂದು ಓಟಿಪಿವರೆಗೆ ಕಲಿಸಿದಳು. ಅದರಾಚೆಯ ಪುಟ ಸ್ಲಾಟು ಸಿಕ್ಕರೆ ಮಾತ್ರ ತೆರೆಯುವುದು, ಹಾಗಾಗಿ ಅದನ್ನು ಅವಳೂ ನೋಡಿರಲಿಲ್ಲ. ಮರುದಿನ ಕೂಸನ್ನು ಕಟ್ಟಿಕೊಂಡು ಕುರುಗೋಡಿನ ತವರಿಗೆ ಹೋದಳು.

ಮೊದಲ ದಿನ ಪರದೆಯ ನಡುವೆ ಒಂದು ಗೆರೆ ಸುಮ್ಮನೆ ಸುತ್ತುತ್ತಾ ಕೂತಿತು. ಸುತ್ತಿ ಸುತ್ತಿ ನಿಂತಾಗ ಒಂಬತ್ತೂಕಾಲು. ಎರಡನೇ ದಿನ ಎಲ್ಲವೂ ಸರಿಯಾಯಿತು, ಓಟಿಪಿ ಬಂದದ್ದು ಮಾತ್ರ ಹತ್ತೂವರೆಗೆ. ಮೂರನೇ ದಿನ ಹಂಪಮ್ಮ ಟವರ್ ಚೆನ್ನಾಗಿ ಸಿಗುವ ಕಾಲುವೆ ಸೇತುವೆ ಮೇಲೆ ಎಂಟೂವರೆಗೇ ಹೋಗಿ ನಿಂತಳು. ಕೆಳಗೆ ಎಮ್ಮೆ ತೊಳೆಯುತ್ತಿದ್ದ ಗಾದೆಪ್ಪ, "ಏನ್ ಹಂಪವ್ವ, ಮುಂಜಾನಿ ಮುಂಜಾನಿ ಫೋನ್ ಹಿಡಕಂಡು ಯಾರನ್ನ ಬೈಯಾಕತ್ತೀ?" ಎಂದ.

"ಅದೇ ನೋಡು ಸಂಕಟ. ಕಾಲವಿ ನೀರು ಬರ್ಲಿಲ್ಲಾಂದ್ರ ಎದುರಿಗೆ ಒಬ್ಬ ನೀರಗಂಟಿ ಇರ್ತಾನ, ನಿಂತು ಬೈಬೋದು. ಇದರಾಗ ಯಾರನ್ನ ಬೈಲಿ ನಾನು?"

ಒಂಬತ್ತಾಯಿತು. ಗೆರೆ ಸುತ್ತಿ ನಿಂತಿತು. ಓಟಿಪಿ ಬಂತು. ಹೊಸ ಪುಟ ತೆರೆಯಿತು. ನಾಲ್ಕು ಗಂಟೆಯ ಸ್ಲಾಟು, ಕೆಳಗೆ ಅವಳ ಹೆಸರು, ಅದರ ಕೆಳಗೆ ಒಂದು ಚೌಕದಲ್ಲಿ 1. ಅವಳು ಒಂದು ಗಳಿಗೆ ಆ ಒಂದನ್ನು ನೋಡಿದಳು. ಹಂಪಮ್ಮ ಒಬ್ಬಳೇ, ಹೆಸರು ಒಂದೇ, ಗುಂಪೂ ಒಂದೇ. ಸರಿಯಾಗೇ ಇದೆ ಎಂದು ಒತ್ತಿದಳು. ದಯವಿಟ್ಟು ಇದನ್ನು ದಡ್ಡತನ ಅನ್ನಬೇಡಿ. ಒಂದೇ ಹೆಸರಿಗೆ ಹನ್ನೆರಡು ಜನ ಬಂದು ನಿಲ್ಲುವುದನ್ನು ಇಪ್ಪತ್ತಾರು ವರ್ಷ ಕಂಡವಳು ಬೇರೆ ಹೇಗೆ ತಿಳಿದುಕೊಳ್ಳಬೇಕು? ಹಸಿರು ಗುರುತು ಬಂದಾಗ ಅವಳಿಗೆ ಆದ ಸಂತೋಷ ಎಷ್ಟೆಂದರೆ, ಗಾದೆಪ್ಪನ ಎಮ್ಮೆಗೂ ಒಳ್ಳೆಯ ಮಾತು ಆಡಿ ಮನೆಗೆ ಬಂದಳು.

ಸ್ಲಾಟಿನ ದಿನ, ತವರಿನಿಂದ ಬಂದ ಜಯಶ್ರೀಯೂ ಸೇರಿ, ಹನ್ನೆರಡು ಹೆಂಗಸರೂ ಎಣ್ಣೆ ಹಚ್ಚಿ ತಲೆ ಬಾಚಿ, ಪೆಟ್ಟಿಗೆ ಸೀರೆ ಉಟ್ಟು, ರೊಟ್ಟಿ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದರು. ಪಾರ್ಕಿನ ಬಾಗಿಲಲ್ಲಿ ಹಂಪಮ್ಮ ಹನ್ನೆರಡು ಟಿಕೆಟ್ಟು ತೆಗೆಸಿದಳು. ಒಳಗೆ ಹೋಗಿ ನೋಡಿದರೆ ಕುದುರೆಗಳು ಸುತ್ತುವ ಆಟ ಅರ್ಧ ಖಾಲಿ. ಹೋಗಿ ನಿಂತರೆ, "ಸ್ಲಾಟ್ ಐತೇನ್ರಿ?" ಇಲ್ಲ. "ಹಂಗಾದ್ರ ಹತ್ತಂಗಿಲ್ಲ." ದೋಣಿಯ ಆಟಕ್ಕೆ ಹೋದರೆ ಅಲ್ಲೂ ಅದೇ. ಈ ಆಟಗಳಿಗೂ ಅದೇ ದಿನ ಬೆಳಿಗ್ಗೆ ಬೇರೆ ಸ್ಲಾಟು ಹಿಡಿಯಬೇಕಿತ್ತಂತೆ. ಖಾಲಿ ಕುದುರೆಗಳು ತಮ್ಮಷ್ಟಕ್ಕೆ ಮೇಲೆ ಕೆಳಗೆ ಆಡುತ್ತಿವೆ, ಟಿಕೆಟ್ಟು ತೆಗೆಸಿದ ಮಂದಿ ಕಂಬಿ ಹಿಡಿದು ನೋಡುತ್ತಾ ನಿಂತಿದ್ದಾರೆ. "ಗದ್ದಿ ಖಾಲಿ ಐತಿ, ನೀರು ಐತಿ, ಸಸಿ ಐತಿ, ಇಳಿಬ್ಯಾಡ ಅಂದಂಗಾತು," ಎಂದು ಜೋಗಮ್ಮ ಗೊಣಗಿದಳು. ಇರಲಿ, ನಮ್ಮ ಚಕ್ರ ಇದೆಯಲ್ಲ ಎಂದು ಮರದ ನೆರಳಲ್ಲಿ ಬುತ್ತಿ ಬಿಚ್ಚಿ ಉಂಡು, ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಚಕ್ರದ ಬುಡಕ್ಕೆ ಬಂದರು.

ನೀಲಿ ಟೋಪಿ ಹಾಕಿದ ಹುಡುಗಿಯೊಬ್ಬಳು ಕೈಯಲ್ಲಿ ಸಣ್ಣ ಯಂತ್ರ ಹಿಡಿದು ನಿಂತಿದ್ದಳು. ಹಂಪಮ್ಮ ಫೋನು ತೋರಿಸಿದಳು. ಯಂತ್ರ ಕುಂಯ್ ಎಂದಿತು, ಹಸಿರಾಯಿತು. "ಬರ್ರಿ ಅಮ್ಮಾ," ಎಂದು ಹುಡುಗಿ ಸರಪಳಿ ತೆಗೆದಳು. ಹಂಪಮ್ಮ ಹಿಂದೆ ತಿರುಗಿ, "ಬರ್ರೆವ್ವಾ," ಎಂದಳು. ಹನ್ನೊಂದೂ ಮಂದಿ ಹೆಜ್ಜೆ ಎತ್ತಿದರು.

"ಅಮ್ಮಾ, ಅವ್ರೆಲ್ಲಾ ಯಾರು? ಒಂದೇ ಸೀಟ್ ಬುಕ್ ಆಗೈತಿ."

"ಹೌದು, ಒಂದೇ. ಹಂಪಮ್ಮ. ಹಂಪಮ್ಮ ಅಂದ್ರ ನಾವು ಹನ್ನೆರಡೂ ಮಂದಿ."

ಹುಡುಗಿ ನಗಲಿಲ್ಲ, ಅದು ಅವಳ ದೊಡ್ಡ ಗುಣ. ಫೋನು ತೆಗೆದುಕೊಂಡು ಆ ಒಂದನ್ನು ಬೆರಳಿಟ್ಟು ತೋರಿಸಿದಳು. "ಇಲ್ಲಿ ಹನ್ನೆರಡು ಹಾಕಬೇಕಿತ್ತಮ್ಮ. ಇವತ್ತಿಂದು ಎಲ್ಲಾ ಫುಲ್ ಆಗೈತಿ. ಒಬ್ರು ಹೋಗಬೋದು. ನಾಲ್ಕೂ ಹತ್ತರೊಳಗ ಹತ್ತಬೇಕು, ಆಮ್ಯಾಲ ಇದೂ ಕ್ಯಾನ್ಸಲ್ ಆಗತೈತಿ."

ಯಾವ ರೈತನ ಮುಂದೆಯೂ ತಗ್ಗದ ಹಂಪಮ್ಮನ ತಲೆ ತಗ್ಗಿತು. ಜಯಶ್ರೀ ಅವಳ ತೋಳು ಹಿಡಿದು, "ಹಂಪಕ್ಕಾ, ನೀನರ ಹೋಗಿ ಬಾ," ಎಂದಳು.

"ನಾ ಹೋಗಾಕ ಬಂದೀನೇನು? ಜೋಗಕ್ಕಾ, ನೀ ಹೋಗು."

"ಗುಂಪು ಬಿಟ್ಟು ಒಬ್ಬಾಕಿ ಇಳಿಯೋದು ಯಾವತ್ತು ಮಾಡೀವಿ?" ಎಂದಳು ಜೋಗಮ್ಮ. "ನಿನ್ನ ಹೆಸರ್ಲೆ ಬಂದದ್ದು, ನೀ ಹೋಗು."

"ನೀ ಹೋಗು." "ಇಲ್ಲ, ನೀ ಹೋಗು." ಹೀಗೆ ಒಬ್ಬರನ್ನೊಬ್ಬರು ದಬ್ಬುತ್ತಿರುವಾಗಲೇ ಹುಡುಗಿಯ ಯಂತ್ರ ಮತ್ತೆ ಕುಂಯ್ ಎಂದಿತು. ನಾಲ್ಕೂ ಹತ್ತು. ಇದ್ದ ಒಂದೂ ಹೋಯಿತು. ಸರಪಳಿ ಬಿತ್ತು. ಹಂಪಮ್ಮ ಅಲ್ಲೇ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹೊಲಿಗೆ ಕೀವಾದಾಗಲೂ ಅಳದವಳು ಅತ್ತಳು.

ಆ ಕಟ್ಟೆಯ ಇನ್ನೊಂದು ತುದಿಯಲ್ಲಿ ಕನ್ನಡಕ ಹಾಕಿದ ಒಬ್ಬ ಹಿರಿಯರು, ಪಕ್ಕದಲ್ಲಿ ಒಂಬತ್ತು ವರ್ಷದ ಮೊಮ್ಮಗಳು, ಮೊದಲಿಂದಲೂ ಇದನ್ನು ನೋಡುತ್ತಿದ್ದರು. ಹೆಸರು ಪ್ರಾಣೇಶರಾಯರು, ಬಳ್ಳಾರಿ ಊರಿನವರೇ. ಮೊಮ್ಮಗಳು ತನ್ಮಯಿ. ಅವರ ಸ್ಲಾಟು ಕೊನೆಯದು, ಐದೂ ಐವತ್ತಕ್ಕೆ. ತಡವಾದೀತು ಎಂದು ಮೂರಕ್ಕೇ ಬಂದು ಕೂರುವಂಥ ಮನುಷ್ಯ.

"ಅಳಬ್ಯಾಡ್ರಿ ತಾಯಿ," ಎಂದರು ಅವರು. "ಮೂವತ್ನಾಲ್ಕು ವರ್ಷ ನಾ ರೈಲ್ವೆ ರಿಸರ್ವೇಷನ್ ಕೌಂಟರಿನ್ಯಾಗ ಕೂತವ. ಒಂದು ಮಾತು ಹೇಳ್ತೇನಿ ಕೇಳ್ರಿ. ಯಾವ ಗಾಡಿನೂ ಪೂರ್ತಿ ತುಂಬಂಗಿಲ್ಲ. ಕಾಗದದ ಮ್ಯಾಲ ತುಂಬಿರ್ತದ, ಡಬ್ಬಿಯೊಳಗ ಖಾಲಿ ಇರ್ತದ. ಬುಕ್ ಮಾಡಿದವರೊಳಗ ಹೊಟ್ಟಿ ನೋವು ಬಂದವ ಒಬ್ಬ, ಮರ್ತವ ಒಬ್ಬ, ಜಗಳಾಡಿ ಮನಿಗೆ ಹೋದವ ಒಬ್ಬ, ಇದ್ದೇ ಇರ್ತಾರ. ಮ್ಯಾಲ ನೋಡ್ರಿ."

ಹಂಪಮ್ಮ ಸೆರಗು ಸರಿಸಿ ನೋಡಿದಳು. ನಿಜ. ತಿರುಗುವ ತೊಟ್ಟಿಲುಗಳಲ್ಲಿ ಅಲ್ಲೊಂದು ಇಲ್ಲೆರಡು ಸೀಟು ಖಾಲಿಯಾಗೇ ಮೇಲೆ ಹೋಗಿ ಖಾಲಿಯಾಗೇ ಕೆಳಗೆ ಬರುತ್ತಿದ್ದವು. ರಾಯರು ಎದ್ದು ಧೋತರ ಸರಿಮಾಡಿಕೊಂಡು ಟೋಪಿಯ ಹುಡುಗಿಯ ಹತ್ತಿರ ಹೋದರು. ದನಿ ಏರಿಸಲಿಲ್ಲ, ಹಲ್ಲು ಗಿಂಜಲೂ ಇಲ್ಲ. ಹತ್ತು ನಿಮಿಷ ದಾಟಿದ ಮೇಲೆ ಆ ಸೀಟು ಯಾರದು, ನಿಮ್ಮ ನಿಯಮ ಏನು ಹೇಳುತ್ತದೆ ಎಂದಷ್ಟೇ ಕೇಳಿದರು. ಹುಡುಗಿಗೆ ಗೊತ್ತಿರಲಿಲ್ಲ. ಮೇಲಿನವರಿಗೆ ಫೋನು ಮಾಡಿದಳು. ಅವರಿಗೂ ಗೊತ್ತಿರಲಿಲ್ಲ, ಈವರೆಗೆ ಯಾರೂ ಕೇಳಿರಲಿಲ್ಲವಂತೆ. ಕಡೆಗೆ, ಖಾಲಿ ಹೋಗುವ ಸೀಟು ತಾನೇ, ಗೇಟಿನ ಟಿಕೆಟ್ಟು ಇದ್ದವರನ್ನು ಕೂರಿಸು ಎಂದರು.

"ಆದ್ರ ಒಟ್ಟಿಗೆ ಸಿಗಂಗಿಲ್ಲ," ಎಂದರು ರಾಯರು ಬಂದು. "ಒಂದು ಸುತ್ತಿಗೆ ಒಂದೋ ಎರಡೋ. ಕಡೀ ಸುತ್ತು ಐದೂ ಐವತ್ತಕ್ಕ. ಲಗೂ ಯಾರ್ ಯಾರು ಅಂತ ಹೇಳ್ರಿ."

ಇಲ್ಲಿ ಮತ್ತೆ ಗಂಟು ಬಿತ್ತು. ಒಬ್ಬೊಬ್ಬರೇ ಹೋಗುವುದಕ್ಕೆ ಯಾರೂ ತಯಾರಿಲ್ಲ. ಹೋದರೆ ಎಲ್ಲರೂ, ಇಲ್ಲಾಂದರೆ ಯಾರೂ ಇಲ್ಲ ಎಂದು ಹನ್ನೊಂದು ಮಂದಿ ಗೋಡೆಯ ಹಾಗೆ ನಿಂತರು. ಈ ಹಠ ಕಲಿಸಿದವಳು ಹಂಪಮ್ಮನೇ, ಯಾರನ್ನು ದೂರುತ್ತಾಳೆ? ಅವಳು ಕಣ್ಣೊರೆಸಿಕೊಂಡು ಎದ್ದಳು. ಗದ್ದೆಯ ಬದುವಿನ ಮೇಲೆ ನಿಲ್ಲುವ ಹಾಗೆ ಸೊಂಟಕ್ಕೆ ಸೆರಗು ಸಿಗಿಸಿ ನಿಂತಳು.

"ಇಲ್ಲಿ ಕೇಳ್ರಿ. ನಾ ಮೇಸ್ತ್ರಿ ಹೌದಿಲ್ಲೋ? ನಾ ಹೇಳಿದಂಗ ಇಳಿಯೋರು ನೀವು ಹೌದಿಲ್ಲೋ? ಇವತ್ತು ಒಬ್ಬೊಬ್ರೇ ಅಂತ ನಾ ಹೇಳಾಕತ್ತೀನಿ. ಇದು ನನ್ನ ಮಾತು. ಜಯಶ್ರೀ, ನಡಿ ಮುಂದ."

ಜಯಶ್ರೀ ಹೋದಳು. ತೊಟ್ಟಿಲು ಅರ್ಧಕ್ಕೇರುವಾಗ ಕೆಳಗಿನ ಹನ್ನೊಂದು ಕತ್ತುಗಳೂ ಅದರ ಜೊತೆಗೇ ಮೇಲಕ್ಕೆ ಹೋದವು. ಇಳಿದು ಬಂದಾಗ ಅವಳ ಮುಖ ನೋಡಬೇಕಿತ್ತು, ಬರೀ ನಗುತ್ತಿದ್ದಳು. ಅದನ್ನು ನೋಡಿದ ಮೇಲೆ ಉಳಿದವರ ಹಠ ಸಡಿಲಾಯಿತು. ಮುಂದಿನ ಸುತ್ತಿಗೆ ಇಬ್ಬರು. ಅದರ ಮುಂದಿನದಕ್ಕೆ ಒಬ್ಬಳು, ಅವಳು ಹತ್ತಿದಾಗಿನಿಂದ ಇಳಿಯುವವರೆಗೆ ಕಣ್ಣು ಬಿಡಲೇ ಇಲ್ಲ, ಆದರೂ ಕುರುಗೋಡು ಗುಡ್ಡ ಕಂಡೆ ಎಂದು ಇವತ್ತಿಗೂ ಸಾಧಿಸುತ್ತಾಳೆ. ಒಂದು ಸುತ್ತಿಗೆ ಒಂದೂ ಖಾಲಿ ಸಿಗಲಿಲ್ಲ, ಎಲ್ಲರೂ ನಿಟ್ಟುಸಿರು ಬಿಟ್ಟರು. ಮುಂದಿನದಕ್ಕೆ ಮೂರು ಸಿಕ್ಕವು. ರಾಯರು ಗಡಿಯಾರ ನೋಡಿ ಹತ್ತು ನಿಮಿಷ ದಾಟಿತು ಎಂದ ಕೂಡಲೇ ಕೈ ಎತ್ತುತ್ತಿದ್ದರು, ಹುಡುಗಿ ತೊಟ್ಟಿಲು ಎಣಿಸಿ ಬೆರಳು ತೋರಿಸುತ್ತಿದ್ದಳು, ಹಂಪಮ್ಮ ಹೆಸರು ಕೂಗುತ್ತಿದ್ದಳು. ಪ್ರತಿ ಸಲವೂ ಜೋಗಮ್ಮ ಮಾತ್ರ ಒಂದು ಹೆಜ್ಜೆ ಹಿಂದೆ. "ಅವರು ಹೋಗ್ಲಿ, ಚಿಕ್ಕೋರು," ಎನ್ನುತ್ತಿದ್ದಳು.

ಐದೂ ನಲವತ್ತಕ್ಕೆ ಹತ್ತು ಮಂದಿ ಹತ್ತಿ ಇಳಿದಿದ್ದರು. ಉಳಿದವರು ಇಬ್ಬರೇ, ಜೋಗಮ್ಮ, ಹಂಪಮ್ಮ. ಉಳಿದ ಸುತ್ತೂ ಒಂದೇ. ಕೊನೆಯ ಸುತ್ತು ಅಂದರೆ ಸೂರ್ಯ ಮುಳುಗುವುದನ್ನು ಮೇಲಿಂದ ನೋಡುವ ಸುತ್ತು. ಅದಕ್ಕೆ ಬುಕ್ ಮಾಡಿದವರು ಒಬ್ಬರೂ ತಪ್ಪಿಸಿಕೊಳ್ಳುವುದಿಲ್ಲ. ಸಾಲು ನೋಡಿಯೇ ರಾಯರ ಮುಖ ಸಣ್ಣಗಾಯಿತು. ಹುಡುಗಿ ಎರಡು ಸಲ ಎಣಿಸಿದಳು. ಎಲ್ಲರೂ ಬಂದಿದ್ದರು.

ಹಂಪಮ್ಮ ಜೋಗಮ್ಮನ ಕಡೆ ನೋಡಲಾರದೆ ಚಕ್ರದ ಕಂಬ ನೋಡುತ್ತಾ ನಿಂತಳು. ಹತ್ತು ಮಂದಿ ಹತ್ತಿದ್ದು ಸುಳ್ಳಲ್ಲ. ಆದರೆ ಬಾಯಿ ಬಿಟ್ಟು ಕೇಳಿದವಳು, ಇಪ್ಪತ್ತೆರಡು ದಿನ ದವಾಖಾನೆಯ ನೆಲದ ಮೇಲೆ ಬಹುಪಾಲು ರಾತ್ರಿ ಮಲಗಿದವಳು, ಅವಳೇ ಉಳಿದಳು.

ರಾಯರು ಮೊಮ್ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತರು. "ಪುಟ್ಟಿ, ನನ್ನ ಸೀಟಿನ್ಯಾಗ ಈ ಅಜ್ಜಿ ಕೂಡ್ಲೇನು? ನೀ ಅವ್ರ ಜೋಡಿ ಹೋಗ್ತೀಯೇನು?"

ತನ್ಮಯಿ ಜೋಗಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. "ಅಜ್ಜಿಗೆ ಅಂಜಿಕಿ ಆಗ್ತದೇನು?"

"ಆಗತೈತವ್ವ," ಎಂದಳು ಜೋಗಮ್ಮ, ಇದ್ದದ್ದನ್ನು ಇದ್ದ ಹಾಗೆ.

"ಹಂಗಾದ್ರ ನಾ ಕೈ ಹಿಡಕೋತೇನಿ."

ಜೋಗಮ್ಮ ಸೀರೆಗೆ ಕೈ ಒರೆಸಿಕೊಂಡಳು, ಒಮ್ಮೆ ಅಲ್ಲ, ಎರಡು ಮೂರು ಸಲ. ಇಸ್ತ್ರಿ ಮಾಡಿದ ಫ್ರಾಕು ಹಾಕಿದ, ರಾಯರ ಮನೆಯ ಆ ಮಗುವಿನ ಕೈಗೆ ತನ್ನ ಕೈ ಕೊಡಲು ಅವಳಿಗೆ ಅಷ್ಟು ಹೊತ್ತು ಬೇಕಾಯಿತು. ರಾಯರಂಥವರ ಮನೆಯವರನ್ನು ಮುಟ್ಟುವ ಹಾಗಿಲ್ಲದ, ಜೋಗಮ್ಮನ ಅಜ್ಜಿಯ ಕಾಲ ನೆನಪಿದ್ದವರಿಗೆ ಇದು ಯಾಕೆಂದು ಹೇಳಬೇಕಾಗಿಲ್ಲ. ರಾಯರಿಗೂ ಅದು ಕಂಡಿತು. "ಗಟ್ಟಿ ಹಿಡಕೋ ಪುಟ್ಟಿ, ಬಿಡಬ್ಯಾಡ," ಎಂದರು. ಮಗು ತಾನಾಗಿ ಆ ಒರಟು ಕೈ ಹಿಡಿದು ಎಳೆದುಕೊಂಡು ಹೋಯಿತು.

ಚಕ್ರ ತಿರುಗಿತು. ಕೆಳಗೆ ಕಂಬಿಯ ಹತ್ತಿರ ಹಂಪಮ್ಮ ಮತ್ತು ಪ್ರಾಣೇಶರಾಯರು ಅಕ್ಕಪಕ್ಕ ನಿಂತರು. ಉಳಿದ ಹತ್ತು ಮಂದಿ ಹಿಂದೆ ಕಟ್ಟೆ ಮೇಲೆ ತಾವು ಕಂಡದ್ದನ್ನು ಹಂಚಿಕೊಳ್ಳುತ್ತಾ ಗದ್ದಲ ಎಬ್ಬಿಸಿದ್ದರು.

"ನೀವು ಮಗೂ ಜೋಡಿ ಹೋಗಬೇಕಿತ್ತು, ಸರ್," ಎಂದಳು ಹಂಪಮ್ಮ. "ಮೂರರಿಂದ ಕಾದೀರಿ."

"ನಂದು ಹಣೇಬರಹನೇ ಹಂಗ, ತಾಯಿ. ಊರಿಗೆಲ್ಲಾ ಸೀಟು ಕೊಟ್ಟೆ. ತಿರುಪತಿ, ಕಾಶಿ, ಎಲ್ಲಿಗೆಲ್ಲಾ. ನಾ ಹೋದದ್ದು ಕಡಿಮಿ." ರಾಯರು ನಕ್ಕರು. "ಸಿಗದಿದ್ದವರು ಕಿಟಕಿ ಮುಂದ ನಿಂತು ಬೈದು ಹೋಗ್ತಿದ್ರು. ಸಿಕ್ಕವರು ಹೋಗಿ ಮುಟ್ಟಿದ್ರೋ ಇಲ್ಲೋ, ಯಾರೂ ಬಂದು ಹೇಳಲಿಲ್ಲ. ಅದೊಂದು ಯಾವಾಗಲೂ ಅನಿಸ್ತಿತ್ತು."

ಹಂಪಮ್ಮ ಅವರ ಕಡೆ ತಿರುಗಿದಳು. "ನಾ ಹೇಳ್ತೀನಿ, ಸರ್. ಹತ್ತು ಮಂದಿ ಹೋಗಿ ಮುಟ್ಟಿ ಬಂದ್ರು. ಹನ್ನೊಂದನೇದಾಕಿ ಮ್ಯಾಲ ಅದಾಳ. ನೀವಿರ್ಲಿಲ್ಲಾಂದ್ರ ಇವತ್ತು ನನ್ನ ಮಾತು ಮಣ್ಣಾಗ್ತಿತ್ತು. ಈ ಉಪಕಾರ ನಾ ಸಾಯೋತನಕ ಮರ್ಯಂಗಿಲ್ಲ." ರಾಯರು ಕನ್ನಡಕ ತೆಗೆದು ಒರೆಸತೊಡಗಿದರು, ಅದರಲ್ಲಿ ಧೂಳೇನೂ ಇರಲಿಲ್ಲ.

ಚಕ್ರ ನಿಂತಿತು. ಜೋಗಮ್ಮ ಮಗುವಿನ ಕೈ ಹಿಡಿದೇ ಇಳಿದಳು. ಹತ್ತೂ ಮಂದಿ ಓಡಿ ಬಂದು ಸುತ್ತುವರಿದರು. ಊರು ಕಂಡಿತೇ, ಹೊಳೆ ಕಂಡಿತೇ, ನಮ್ಮ ಗದ್ದೆ ಕಂಡಿತೇ ಎಂದು ಒಂದೇ ಸಮ ಕೇಳಿದರು. ಜೋಗಮ್ಮ ಯಾರಿಗೂ ಉತ್ತರ ಕೊಡದೆ ಹಂಪಮ್ಮನ ಎದುರಿಗೆ ಬಂದು ನಿಂತಳು.

"ಊರು ಕಾಣಿಸ್ತೋ ಇಲ್ಲೋ, ನಾ ನೋಡ್ಲಿಲ್ಲ, ಹಂಪವ್ವ. ನಿನ್ನೇ ನೋಡಿದೆ. ಮ್ಯಾಲಿಂದ ನೀ ಇಷ್ಟೇ ಇಷ್ಟು ಕಾಣ್ತಿದ್ದಿ. ದವಾಖಾನಿ ಮಂಚದ ಮ್ಯಾಲನೂ ಹಿಂಗೇ ಇಷ್ಟೇ ಇಷ್ಟು ಕಂಡಿದ್ದಿ. ಆವಾಗ ಅಂಜಿದ್ದೆ, ಇನ್ನ ಉಳಿಯಂಗಿಲ್ಲ ಇಕಿ ಅಂತ. ಇವತ್ತು ಅಷ್ಟು ಎತ್ತರಕ್ಕ ಹೋದ್ರೂ ಅಂಜಿಕಿ ಬರ್ಲಿಲ್ಲ. ಯಾಕಂದ್ರ ಕೆಳಗ ನೀ ನಿಂತಿದ್ದಿ."

ಹಂಪಮ್ಮನಿಗೆ ಅಷ್ಟು ದಿನದಿಂದ ಎದೆಯಲ್ಲಿ ಕೂತಿದ್ದದ್ದು ಆಗ ಬಾಯಿಗೆ ಬಂತು. ಯಾರು ನಗುತ್ತಾರೋ ನಗಲಿ ಎಂದು, ಅಷ್ಟು ಜನರ ನಡುವೆಯೇ ಜೋಗಮ್ಮನ ಎರಡೂ ಕೈ ಹಿಡಿದಳು.

"ನೀವು ನನ್ನ ಉಳಿಸಿದ್ರಿ ಜೋಗಕ್ಕ. ಡಾಕ್ಟ್ರಲ್ಲ, ಔಷಧ ಅಲ್ಲ. ನೀವು ಹನ್ನೊಂದು ಮಂದಿ ಉಳಿಸಿದ್ರಿ."

ಯಾರೂ ನಗಲಿಲ್ಲ. ಜೋಗಮ್ಮ ಅವಳ ಕೈಯನ್ನು ಹಾಗೇ ಹಿಡಿದುಕೊಂಡು ನಿಂತಳು.